ಮಗುವಿನ ಅಂಗೈಯಳತೆಯ ಕಾಣಿಕೆ



ಮೂರು ರಾಯರ ಹಬ್ಬ ಬಂದಾಗ ನಮ್ಮ ಗೋದಲಿಯಲ್ಲಿ ಒಂದು ಸಣ್ಣ ಬದಲಾವಣೆ ಆಗುತ್ತದೆ. ಅಷ್ಟು ದಿನ ದೂರದಲ್ಲಿ ನಿಂತಿದ್ದ ಒಂಟೆಗಳನ್ನೂ ರಾಯರನ್ನೂ ಪೀಠಸೇವೆಯ ಮಕ್ಕಳು ಬಾಲಯೇಸುವಿನ ಹತ್ತಿರಕ್ಕೆ ತಂದಿಡುತ್ತಾರೆ. ಹಾಗೆ ಇಡುತ್ತಿದ್ದಾಗ ಒಬ್ಬ ಹುಡುಗ ನಮ್ಮನ್ನು ಕೇಳಿದ: "ಫಾದರ್, ಪಾಪುಗೆ ಒಂದು ಗಿಲಕಿಯನ್ನಾದರೂ ತರಬಾರದಿತ್ತಾ ಇವರು?"

ನಾವು ನಕ್ಕೆವು. ಆದರೆ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಹುಟ್ಟಿದ ಮಗುವಿಗೆ ಏನು ಕೊಡಬೇಕು? ಕೊಡುವವರ ಅಂತಸ್ತಿಗೆ ತಕ್ಕದ್ದನ್ನೋ, ಪಡೆಯುವ ಮಗುವಿನ ಅಂಗೈಗೆ ತಕ್ಕದ್ದನ್ನೋ? ಜ್ಞಾನಸ್ನಾನದ ಕರೆಯೋಲೆ ಕೈಗೆ ಬಂದ ಕೂಡಲೇ ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆಯೂ ಇದೇ ಅಲ್ಲವೇ? ಇದಕ್ಕೆ ಚರಿತ್ರೆಯಲ್ಲಿ ಉತ್ತರ ಹುಡುಕುವ ಮೊದಲು ನಮ್ಮದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕು.

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಶನಿವಾರ ಸಂಜೆ, ಮನೆಗಳಿಗೆ ಬಣ್ಣ ಬಳಿಯುವ ಕೆಲಸ ಮಾಡುವ ಒಬ್ಬರು ನಮ್ಮ ಗುರುನಿವಾಸಕ್ಕೆ ಬಂದರು. ಮರುದಿನ ಅವರು ಗೆಳೆಯನ ಮಗುವಿಗೆ ಜ್ಞಾನತಂದೆಯಾಗಿ ನಿಲ್ಲಬೇಕಿತ್ತು. "ಫಾದರ್, ನಾಳೆ ನನ್ನ ಹೆಸರು ಬರೀಬೇಡಿ. ಬೇರೆ ಯಾರನ್ನಾದರೂ ನೋಡಿಕೊಳ್ಳಲಿ" ಎಂದರು. ನಾವು ಅವಸರದಲ್ಲಿದ್ದೆವು. ಏಕೆ ಎಂದು ಕೇಳಲಿಲ್ಲ. ಮರುದಿನ ರಿಜಿಸ್ಟರಿನಲ್ಲಿ ಬೇರೊಬ್ಬರ ಹೆಸರು ಬರೆದೆವು. ಕಾರಣ ತಿಳಿದದ್ದು ತಿಂಗಳುಗಳಾದ ಮೇಲೆ. ಹಿಂದಿನ ಜ್ಞಾನಸ್ನಾನವೊಂದರಲ್ಲಿ ಮಗುವಿನ ಕೊರಳಿಗೆ ಜ್ಞಾನತಂದೆ ಚಿನ್ನದ ಸರ ಹಾಕಿದ್ದರು. ಊಟದ ಹೊತ್ತಿನಲ್ಲಿ ಆ ಸರವನ್ನು ಮೈಕಿನಲ್ಲಿ ಹೊಗಳಿದ್ದು ನಾವೇ. ಈ ಮನುಷ್ಯ ಅಂದು ಹಿಂದಿನ ಸಾಲಿನಲ್ಲಿ ಕುಳಿತು ಅದನ್ನು ಕೇಳಿಸಿಕೊಂಡಿದ್ದರು. ತಮ್ಮಿಂದ ಅದು ಆಗದ ಮಾತು ಎಂದು ಹಿಂದೆ ಸರಿದಿದ್ದರು.

ಒಂದು ಸರ ಒಂದು ಮಗುವಿನಿಂದ ಒಬ್ಬ ಒಳ್ಳೆಯ ಜ್ಞಾನತಂದೆಯನ್ನು ಕಿತ್ತುಕೊಂಡಿತು. ಅದಕ್ಕೆ ನಮ್ಮ ನಾಲಿಗೆಯೂ ಕೈಜೋಡಿಸಿತ್ತು. ಆ ದಿನದಿಂದ ನಾವು ಕಾಣಿಕೆಗಳ ಚರಿತ್ರೆಯನ್ನು ಬೇರೆ ಕಣ್ಣಿನಿಂದ ಓದತೊಡಗಿದೆವು.

ಬೆತ್ಲೆಹೇಮಿನ ಮನೆಯಲ್ಲಿ

ಜೋಯಿಸರು ತಂದ ಚಿನ್ನ, ಧೂಪ, ರಕ್ತಬೋಳಗಳ ಕಥೆ ಸಂತ ಮತ್ತಾಯರ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿದೆ. ಬಂದವರು ಮೂವರು ಎಂದು ಮತ್ತಾಯರು ಎಲ್ಲಿಯೂ ಬರೆದಿಲ್ಲ. ಕಾಣಿಕೆಗಳು ಮೂರಿದ್ದುದರಿಂದ ಕೊಟ್ಟವರೂ ಮೂವರೆಂದು ಕ್ರೈಸ್ತ ಪರಂಪರೆ ಎಣಿಸಿಕೊಂಡಿತು. ಅವರು ರಾಯರು ಎಂದೂ ಅಲ್ಲಿ ಇಲ್ಲ. ಕೊಟ್ಟವರ ಅಂತಸ್ತನ್ನು ಬೆಳೆಸಿದವರು ನಾವು. ಶುಭಸಂದೇಶ ಹೇಳುವುದು ಅವರು ಮೊಣಕಾಲೂರಿದ್ದನ್ನು ಮಾತ್ರ.

ಧೂಪ ಮತ್ತು ರಕ್ತಬೋಳ ಮರದ ಅಂಟುಗಳು. ಇಂದಿನ ಯೆಮೆನ್ ಮತ್ತು ಓಮನ್ ಇರುವ ದಕ್ಷಿಣ ಅರೇಬಿಯಾದಲ್ಲಿ, ಆಫ್ರಿಕಾದ ಸೊಮಾಲಿಯಾ ಕಡೆಯಲ್ಲಿ ಮರದ ತೊಗಟೆಯನ್ನು ಗೀರಿ, ಒಸರಿದ ಹಾಲು ಗಟ್ಟಿಯಾದ ಮೇಲೆ ಕೆರೆದು ತೆಗೆಯುತ್ತಿದ್ದರು. ಒಂಟೆಗಳ ಸಾಲಿನಲ್ಲಿ ಮರುಭೂಮಿ ದಾಟಿ ಬರುತ್ತಿದ್ದ ಈ ಸರಕು ಬಲು ದುಬಾರಿ. ಧರ್ಮಸಭೆಯ ಪಿತೃಗಳು ಈ ಮೂರರಲ್ಲಿ ಮಗುವಿನ ಗುರುತನ್ನೇ ಕಂಡರು. ಚಿನ್ನ ಅರಸನಿಗೆ, ಧೂಪ ದೇವರಿಗೆ, ರಕ್ತಬೋಳ ಸಾಯಲಿರುವ ಮಾನವನಿಗೆ. ಪ್ರಭುವಿನ ಶವಸಂಸ್ಕಾರಕ್ಕೆ ನಿಕೊದೇಮನು ತಂದದ್ದರಲ್ಲಿಯೂ ರಕ್ತಬೋಳ ಇತ್ತೆಂದು ಸಂತ ಯೊವಾನ್ನರು ಬರೆಯುತ್ತಾರೆ. ಈ ಕಾಣಿಕೆಗಳು ಕೊಟ್ಟವರ ಹೆಸರನ್ನೂ ಉಳಿಸಲಿಲ್ಲ. ಮಗು ಯಾರು ಎಂಬುದನ್ನು ಮಾತ್ರ ಹೇಳಿದವು.

ಆದರೆ ಬೆತ್ಲೆಹೇಮಿನ ಮಗುವಿಗೆ ಸಿಕ್ಕಿದ ಮೊದಲ ವಸ್ತು ಚಿನ್ನವಲ್ಲ. ಮಾತೆ ಮರಿಯಮ್ಮನವರು ಸುತ್ತಿದ ಬಟ್ಟೆ. ಅದನ್ನು ಸಂತ ಲೂಕರು ಮರೆಯದೆ ಬರೆದಿದ್ದಾರೆ. ದೇವಾಲಯದಲ್ಲಿ ಮಗುವನ್ನು ಸಮರ್ಪಿಸುವಾಗ ಆ ಬಡ ತಂದೆತಾಯಿ ಕೊಟ್ಟದ್ದು ಎರಡು ಹಕ್ಕಿಗಳನ್ನು. ಕುರಿಮರಿ ಕೊಡಲು ಕೈಲಾಗದವರು ಜೋಡಿ ಹಕ್ಕಿಗಳನ್ನು ಕೊಟ್ಟರೆ ಸಾಕು ಎಂದು ಯಾಜಕಕಾಂಡದ ನಿಯಮವೇ ಹೇಳುತ್ತದೆ. ಬಡವರು ತಲೆತಗ್ಗಿಸದೆ ಒಳಗೆ ಬರಲು ಹಳೆಯ ಒಡಂಬಡಿಕೆಯ ಕಾಲದಲ್ಲಿಯೇ ಒಂದು ಬಾಗಿಲು ಇತ್ತು ಎಂಬುದನ್ನು ನಾವು ನೆನಪಿಡೋಣ.

ಅದೇ ಹಳೆಯ ಒಡಂಬಡಿಕೆಯಲ್ಲಿ ನಮಗೆ ಬಹಳ ಇಷ್ಟವಾದ ಇನ್ನೊಂದು ಕಾಣಿಕೆಯಿದೆ. ಬಹಳ ಕಾಲ ಹಂಬಲಿಸಿ ಪಡೆದ ಮಗ ಸಮುವೇಲನನ್ನು ಹನ್ನಳು ದೇವಾಲಯದ ಸೇವೆಗೆ ಬಿಟ್ಟು ಬಂದಿದ್ದಳು. ಪ್ರತಿವರ್ಷ ಬಲಿ ಅರ್ಪಿಸಲು ಹೋಗುವಾಗ ಅವಳು ಅವನಿಗೊಂದು ಪುಟ್ಟ ನಿಲುವಂಗಿ ಹೊಲಿದು ಒಯ್ಯುತ್ತಿದ್ದಳು. ಕಣ್ಣೆದುರಿಗೆ ಇಲ್ಲದ ಮಗನ ಅಳತೆಯನ್ನು ಆ ತಾಯಿ ಹೇಗೆ ಊಹಿಸುತ್ತಿದ್ದಳೋ! ಈ ವರ್ಷ ಎಷ್ಟು ಎತ್ತರ ಬೆಳೆದಿರಬಹುದು, ತೋಳು ಎಷ್ಟು ಉದ್ದ ಬೇಕು ಎಂದು ಯೋಚಿಸದೆ ಆ ಅಂಗಿ ಆಗುತ್ತಿರಲಿಲ್ಲ. ಕಾಣಿಕೆ ಎಂದರೆ ಇದೇ. ಪಡೆಯುವವರ ಅಳತೆಯನ್ನು ಮನಸ್ಸಿನಲ್ಲಿ ಹೊತ್ತು ತಿರುಗುವುದು.

ಮಣ್ಣಿನ ಗಿಲಕಿ

ಆ ಹುಡುಗ ಕೇಳಿದ ಗಿಲಕಿಗೆ ಬರೋಣ. ಸಿಂಧೂ ಕಣಿವೆಯ ಮೊಹೆಂಜೊದಾರೊ, ಹರಪ್ಪಾ ನಗರಗಳ ಅವಶೇಷಗಳಲ್ಲಿ ಸುಟ್ಟ ಮಣ್ಣಿನ ಗಿಲಕಿಗಳು ಸಿಕ್ಕಿವೆ. ಒಳಗೆ ಟೊಳ್ಳಾದ ಚೆಂಡು, ಅದರೊಳಗೆ ಸಣ್ಣ ಮಣ್ಣಿನ ಕಾಳುಗಳು. ಹಕ್ಕಿಯಾಕಾರದ ಪೀಪಿಗಳು, ಚಕ್ರವಿರುವ ಪುಟ್ಟ ಗಾಡಿಗಳೂ ಸಿಕ್ಕಿವೆ. ಸುಮಾರು ನಾಲ್ಕೂವರೆ ಸಾವಿರ ವರ್ಷ ಹಳೆಯವು. ಅಲ್ಲಿನ ಲಿಪಿಯನ್ನು ಇಂದಿಗೂ ಎಲ್ಲರೂ ಒಪ್ಪುವಂತೆ ಯಾರೂ ಓದಿಲ್ಲ. ಆದರೆ ಆ ಗಿಲಕಿಯನ್ನು ಇಂದಿನ ಯಾವ ಮಗುವಿನ ಕೈಗೆ ಕೊಟ್ಟರೂ ಅದು ಕಲಿಸದೆಯೇ ಅಲುಗಾಡಿಸುತ್ತದೆ.

ಗ್ರೀಸಿನ ತತ್ವಜ್ಞಾನಿ ಅರಿಸ್ಟಾಟಲ್ ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಬರೆದ 'ರಾಜಕೀಯ' ಎಂಬ ಗ್ರಂಥದಲ್ಲಿ ಗಿಲಕಿಯನ್ನು ಹೊಗಳಿದ್ದಾನೆ. ಅರ್ಕಿಟಾಸ್ ಎಂಬವನ ಹೆಸರಿನ ಗಿಲಕಿ ಅದು. ಎಳೆಯ ಮಕ್ಕಳು ಸುಮ್ಮನೆ ಕೂರಲಾರರು, ಕೈಗೆ ಗಿಲಕಿ ಕೊಟ್ಟರೆ ಮನೆಯ ಸಾಮಾನು ಒಡೆಯುವುದಿಲ್ಲ ಎಂಬುದು ಅವನ ಮಾತಿನ ಸಾರ. ದೊಡ್ಡ ದೊಡ್ಡ ಸಿದ್ಧಾಂತಗಳ ನಡುವೆ ಆ ಜ್ಞಾನಿಗೂ ಮಗುವಿನ ಕೈ ಕಾಣಿಸಿತಲ್ಲ!

ರೋಮನರಲ್ಲಿ ಗಂಡುಮಗುವಿಗೆ ಒಂಬತ್ತನೆಯ ದಿನ, ಹೆಣ್ಣುಮಗುವಿಗೆ ಎಂಟನೆಯ ದಿನ ಹೆಸರಿಡುತ್ತಿದ್ದರು. ಗಂಡುಮಕ್ಕಳ ಕೊರಳಿಗೆ ಬುಲ್ಲಾ ಎಂಬ ತಾಯಿತ ಕಟ್ಟುತ್ತಿದ್ದರು. ಉಳ್ಳವರದು ಚಿನ್ನದ್ದು, ಇಲ್ಲದವರದು ತೊಗಲಿನದು. ಮಗುವಿನ ಕೊರಳನ್ನು ನೋಡಿಯೇ ಮನೆಯ ಸ್ಥಿತಿ ತಿಳಿಯುತ್ತಿತ್ತು. ಹೀಗೆ ಎರಡು ದಾರಿಗಳು ಅಂದಿನಿಂದಲೇ ಬೇರೆಯಾದವು. ಒಂದು ಮಗುವಿನ ಕೈಗೆ ಕೊಡುವ ಕಾಣಿಕೆ. ಇನ್ನೊಂದು ನೋಡುವವರ ಕಣ್ಣಿಗೆ ಕೊಡುವ ಕಾಣಿಕೆ.

ಹನ್ನೆರಡು ಚಮಚಗಳು

ಈ ಎರಡು ದಾರಿಗಳೂ ಕ್ರೈಸ್ತ ನಾಡುಗಳಲ್ಲಿ ಮುಂದುವರಿದವು. 15ನೇ ಶತಮಾನದ ಫ್ಲಾರೆನ್ಸ್ ನಗರದಲ್ಲಿ ಬಾಣಂತಿಗೆ ತಿಂಡಿ, ಪಾನೀಯ ಒಯ್ಯಲು ಚಿತ್ರ ಬರೆದ ಮರದ ಹರಿವಾಣಗಳನ್ನು ಮಾಡಿಸುತ್ತಿದ್ದರು. 1449ರಲ್ಲಿ ಲೊರೆಂಜೊ ದ ಮೆದಿಚಿ ಹುಟ್ಟಿದಾಗ ಮಾಡಿಸಿದ ಅಂಥದೊಂದು ಹರಿವಾಣ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. 1492ರಲ್ಲಿ ಆತ ಸತ್ತ ಮೇಲೆ ಅರಮನೆಯ ಆಸ್ತಿಪಟ್ಟಿ ಬರೆದರು. ಆಗಲೂ ಆ ಹರಿವಾಣ ಅವನ ಸ್ವಂತ ಕೋಣೆಗಳಲ್ಲೇ ಇತ್ತು. ಇಟಲಿಯ ಮಹಾಶ್ರೀಮಂತರಲ್ಲಿ ಒಬ್ಬ ತಾನು ಹುಟ್ಟಿದ ದಿನ ಅಮ್ಮನಿಗಾಗಿ ಮಾಡಿಸಿದ ಮರದ ತಟ್ಟೆಯನ್ನು ಬದುಕಿರುವವರೆಗೆ ಬಿಡಲಿಲ್ಲ. ಬಾಣಂತಿಯನ್ನು ಮರೆಯದ ಉಡುಗೊರೆ ಅದು. ಇಂದು ಮಗುವನ್ನು ನೋಡಲು ಬರುವವರ ಕೈಚೀಲದಲ್ಲಿ ತಾಯಿಗೆಂದು ಏನಿರುತ್ತದೆ, ನೀವೇ ಹೇಳಿ.

ಇಂಗ್ಲೆಂಡಿನಲ್ಲಿ ಮತ್ತು ಯುರೋಪಿನ ಇತರ ಕಡೆಗಳಲ್ಲಿ 15ರಿಂದ 17ನೇ ಶತಮಾನದವರೆಗೆ ಜ್ಞಾನತಂದೆತಾಯಿಯರು ಮಗುವಿಗೆ 'ಪ್ರೇಷಿತರ ಚಮಚ' ಕೊಡುವ ವಾಡಿಕೆಯಿತ್ತು. ಬೆಳ್ಳಿಯ ಚಮಚ, ಹಿಡಿಯ ತುದಿಯಲ್ಲಿ ಒಬ್ಬ ಪ್ರೇಷಿತರ ಪುಟ್ಟ ಪ್ರತಿಮೆ. ಕೀಲಿಕೈ ಹಿಡಿದವರು ಸಂತ ಪೇತ್ರ, ಓರೆಶಿಲುಬೆ ಹಿಡಿದವರು ಸಂತ ಅಂದ್ರೆಯ. ಪೂರ್ಣ ಜೊತೆಯಲ್ಲಿ ಹನ್ನೆರಡು ಪ್ರೇಷಿತರು, ಹದಿಮೂರನೆಯದು ಪ್ರಭುವಿನದು. ಅನುಕೂಲವಿದ್ದವರು ಹನ್ನೆರಡನ್ನೂ ಕೊಡುತ್ತಿದ್ದರು. ಇಲ್ಲದವರು ಒಂದನ್ನು, ಸಾಮಾನ್ಯವಾಗಿ ಮಗುವಿಗೆ ಯಾವ ಪ್ರೇಷಿತರ ಹೆಸರಿಟ್ಟಿದ್ದರೋ ಅವರದನ್ನು ಕೊಡುತ್ತಿದ್ದರು.

ಇದರಲ್ಲಿ ಎಷ್ಟು ಜಾಣತನವಿದೆ ನೋಡಿ. ಮಗು ಗಂಜಿ ತಿನ್ನುವಾಗ ಬೇಕಾಗುವ ವಸ್ತು. ತುಕ್ಕು ಹಿಡಿಯದ, ಬಿದ್ದರೂ ಒಡೆಯದ ಲೋಹ. ಕಷ್ಟಕಾಲಕ್ಕೆ ಕರಗಿಸಿ ಹಣ ಮಾಡಿಕೊಳ್ಳಬಹುದಾದ ಉಳಿತಾಯ. ದಿನವೂ ಕೈಯಲ್ಲಿ ಹಿಡಿಯುವ ಧರ್ಮೋಪದೇಶ. ಒಬ್ಬನೇ ಪ್ರೇಷಿತನ ಒಂದೇ ಚಮಚ ಪಡೆದ ಬಡ ಮಗು ತನ್ನ ಹೆಸರಿನ ಸಂತನನ್ನು ಹನ್ನೆರಡು ಪಡೆದ ಮಗುವಿಗಿಂತ ಚೆನ್ನಾಗಿ ಬಲ್ಲದಾಗಿತ್ತೇನೋ ಎಂದು ನಮಗೆ ಅನಿಸುತ್ತದೆ.

ಆದರೆ ಒಳ್ಳೆಯ ವಾಡಿಕೆಯೂ ಹೊರೆಯಾಗಬಲ್ಲದು. ಷೇಕ್ಸ್‌ಪಿಯರ್ ಜಾನ್ ಫ್ಲೆಚರ್ ಜೊತೆ ಸೇರಿ ಬರೆದ 'ಎಂಟನೆಯ ಹೆನ್ರಿ' ನಾಟಕ 1613ರಲ್ಲಿ ಲಂಡನ್ನಿನ ರಂಗದ ಮೇಲೆ ಬಂತು. ಅದರಲ್ಲಿ ರಾಜನು ತನ್ನ ಮಗು ಎಲಿಜಬೆತಳಿಗೆ ಜ್ಞಾನತಂದೆಯಾಗುವಂತೆ ಆರ್ಚ್‌ಬಿಷಪ್ ಕ್ರ್ಯಾನ್ಮರರನ್ನು ಕೇಳುತ್ತಾನೆ. ಬಡ ಪ್ರಜೆಯಾದ ನನಗೆ ಇಂಥ ಗೌರವವೇ ಎಂದು ಅವರು ಹಿಂಜರಿಯುತ್ತಾರೆ. ಚಮಚದ ಖರ್ಚು ಉಳಿಸಿಕೊಳ್ಳಲು ನೋಡುತ್ತೀರಿ ಎಂದು ರಾಜ ತಮಾಷೆ ಮಾಡುತ್ತಾನೆ. ಅಂದಿನ ಪ್ರೇಕ್ಷಕರು ಈ ಮಾತಿಗೆ ನಕ್ಕಿದ್ದರೆ, ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ ಆಗಿದ್ದರಿಂದ ತಾನೇ? ಚಮಚಕ್ಕೆ ಹೆದರಿ ಜ್ಞಾನತಂದೆಯಾಗಲು ಹಿಂಜರಿದವರು ಅಂದೂ ಇದ್ದರು. ನಾಟಕದಲ್ಲಿ ಅದು ನಗೆಯ ಮಾತು. ನಮ್ಮ ಗುರುನಿವಾಸದ ಬಾಗಿಲಲ್ಲಿ ಆ ಶನಿವಾರ ಸಂಜೆ ಅದು ನಗೆಯ ಮಾತಾಗಿರಲಿಲ್ಲ.

ಈ ಹೊರೆಯನ್ನು ಅಂದಿನವರೂ ಅರಿತಿದ್ದರು. ಇಟಲಿ ಮತ್ತು ಜರ್ಮನಿಯ ಹಲವು ನಗರಗಳು ಜ್ಞಾನಸ್ನಾನದ ಉಡುಗೊರೆಗಳಿಗೆ, ಔತಣಗಳಿಗೆ ಕಾನೂನಿನ ಮಿತಿ ಹಾಕಿದವು. ಪ್ರಭಾವಿಗಳನ್ನೆಲ್ಲ ಜ್ಞಾನಪೋಷಕರನ್ನಾಗಿ ಸೇರಿಸಿಕೊಳ್ಳುವ ಅಭ್ಯಾಸವೂ ಬೆಳೆದಿತ್ತು. 1563ರಲ್ಲಿ ಟ್ರೆಂಟ್ ಮಹಾಸಭೆ ಒಂದು ಮಗುವಿಗೆ ಒಬ್ಬರು, ಹೆಚ್ಚೆಂದರೆ ಒಬ್ಬ ಗಂಡು ಒಬ್ಬ ಹೆಣ್ಣು ಸಾಕು ಎಂದು ವಿಧಿಸಿತು. ಜ್ಞಾನಸಂಬಂಧದಿಂದ ಮದುವೆಗಳಿಗೆ ಬರುತ್ತಿದ್ದ ಅಡ್ಡಿಗಳನ್ನು ಕಡಿಮೆ ಮಾಡುವುದು ಅದರ ಮುಖ್ಯ ಉದ್ದೇಶ. ಆದರೂ ಆ ನಿಯಮದಿಂದ ಜ್ಞಾನಪೋಷಕರ ಜಾತ್ರೆಗೂ ಕಡಿವಾಣ ಬಿತ್ತು.

ಇನ್ನೊಂದು ಕಾಣಿಕೆ ಹವಳ. ಇಟಲಿಯ ಚಿತ್ರಕಾರ ಪಿಯೆರೊ ದೆಲ್ಲ ಫ್ರಾಂಚೆಸ್ಕ 1470ರ ದಶಕದಲ್ಲಿ ಬರೆದ, ಈಗ ಮಿಲಾನಿನ ಬ್ರೆರಾ ಸಂಗ್ರಹಾಲಯದಲ್ಲಿರುವ ಚಿತ್ರದಲ್ಲಿ ಮಾತೆಯ ಮಡಿಲಲ್ಲಿ ಮಲಗಿರುವ ಬಾಲಯೇಸುವಿನ ಕೊರಳಲ್ಲಿ ಕೆಂಪು ಹವಳದ ಸರವಿದೆ. ಹವಳ ಮಗುವನ್ನು ಕೇಡಿನಿಂದ ಕಾಯುತ್ತದೆ ಎಂದು ಜನ ನಂಬಿದ್ದರು. ಚಿತ್ರಕಾರ ಆ ಕೆಂಪಿನಲ್ಲಿ ಶಿಲುಬೆಯ ರಕ್ತವನ್ನು ಸೂಚಿಸಿದ. ಮುಂದೆ ಬೆಳ್ಳಿಯ ಗೆಜ್ಜೆ, ಪೀಪಿ, ಹವಳದ ತುಂಡು ಸೇರಿಸಿದ ಗಿಲಕಿಗಳು ಬಂದವು. ಹಲ್ಲು ಮೂಡುವ ಮಗು ಹವಳವನ್ನು ಕಚ್ಚುತ್ತಿತ್ತು. ನಂಬಿಕೆ ಹೋಯಿತು, ಮಗುವಿನ ಒಸಡಿನ ತುರಿಕೆ ಮಾತ್ರ ಇಂದಿಗೂ ಇದೆ.

ತಾಯಿಯಿಲ್ಲದ ಮಗು ಮಾಡಿದ 'ಕಾಣಿಕೆ'

ಮಕ್ಕಳ ಆಟದ ವಸ್ತುವಿಗೆ 'ಕಾಣಿಕೆ' ಎಂದೇ ಹೆಸರಿಟ್ಟವರು ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್. 1782ರಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದ ಅವರು ಒಂಬತ್ತು ತಿಂಗಳ ಕೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡರು. ತಾಯಿಯ ಮಡಿಲಿನ ಆಟವನ್ನು ತಾವು ಕಾಣದವರು ಬದುಕನ್ನೆಲ್ಲ ಅದರ ಅಧ್ಯಯನಕ್ಕೇ ಕೊಟ್ಟರು. 1837ರಿಂದ ಬಾಡ್ ಬ್ಲಾಂಕೆನ್‌ಬರ್ಗ್ ಎಂಬ ಊರಿನಲ್ಲಿ ಅವರು ಮಕ್ಕಳಿಗಾಗಿ ವಸ್ತುಗಳ ಸರಣಿಯನ್ನು ರೂಪಿಸಿದರು. 1840ರಲ್ಲಿ ತಮ್ಮ ಶಾಲೆಗೆ 'ಕಿಂಡರ್‌ಗಾರ್ಟನ್' ಎಂದು ಹೆಸರಿಟ್ಟವರೂ ಅವರೇ.

ಮೊದಲನೆಯ ಕಾಣಿಕೆ ಎಳೆಗೂಸುಗಳಿಗೆ: ಉಣ್ಣೆಯಲ್ಲಿ ಹೆಣೆದ ಆರು ಮೆತ್ತನೆಯ ಚೆಂಡುಗಳು. ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ. ಅಷ್ಟೇ. ತಾಯಿ ದಾರ ಹಿಡಿದು ಚೆಂಡನ್ನು ಆಡಿಸುತ್ತಾಳೆ, ಮಗು ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹುಡುಕುತ್ತದೆ. ಮುಂದಿನವು ಮರದ ಗುಂಡು, ಘನ, ಉರುಳೆ, ಆಮೇಲೆ ಸಣ್ಣ ಸಣ್ಣ ಮರದ ಇಟ್ಟಿಗೆಗಳು. 1876ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಮಹಾಪ್ರದರ್ಶನದಲ್ಲಿ ಈ ಕಾಣಿಕೆಗಳನ್ನು ಕಂಡ ಒಬ್ಬ ತಾಯಿ ತನ್ನ ಮಗನಿಗೆ ಅವನ್ನು ತಂದುಕೊಟ್ಟಳು. ಆ ಹುಡುಗ ಮುಂದೆ ಜಗತ್ಪ್ರಸಿದ್ಧ ವಾಸ್ತುಶಿಲ್ಪಿಯಾದ ಫ್ರಾಂಕ್ ಲಾಯ್ಡ್ ರೈಟ್. ಆ ಮರದ ತುಂಡುಗಳ ಸ್ಪರ್ಶ ತನ್ನ ಬೆರಳುಗಳಲ್ಲಿ ಕೊನೆಯವರೆಗೆ ಉಳಿಯಿತೆಂದು ಆತ ಹೇಳಿಕೊಂಡಿದ್ದ.

ಫ್ರೋಬೆಲರು ಕಂಡದ್ದನ್ನು ಇಂದಿನ ವಿಜ್ಞಾನವೂ ಮತ್ತಷ್ಟು ತಿಳಿಸಿಕೊಟ್ಟಿದೆ. ಹುಟ್ಟಿದ ಮಗುವಿಗೆ ಚೆನ್ನಾಗಿ ಕಾಣುವುದು ಸುಮಾರು 20ರಿಂದ 30 ಸೆಂಟಿಮೀಟರ್ ದೂರದ ವಸ್ತು. ಹಾಲುಣಿಸುವಾಗ ತಾಯಿಯ ಮುಖ ಇರುವ ದೂರ ಇದೇ. ತೆಳುಬಣ್ಣಗಳಿಗಿಂತ ಕಪ್ಪು ಬಿಳುಪಿನಂಥ ಎದ್ದುಕಾಣುವ ಗೆರೆಗಳನ್ನು ಅದು ಹೆಚ್ಚು ಹೊತ್ತು ನೋಡುತ್ತದೆ. ಅಂದರೆ ದೇವರು ಮಗುವಿಗೆ ಕೊಟ್ಟ ಮೊದಲ ಆಟದ ಸಾಮಾನು ಅಮ್ಮನ ಮುಖ.

ನಮ್ಮ ನೆಲದ ಕಾಣಿಕೆಗಳು

ಇಷ್ಟು ದೂರ ಹೋದವರು ಈಗ ಮನೆಗೆ ಮರಳೋಣ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಸುಮಾರು 60 ಕಿಲೋಮೀಟರಿಗೆ ಚನ್ನಪಟ್ಟಣವಿದೆ. ಅಲ್ಲಿ ಆಲೆ ಮರದ ತುಂಡನ್ನು ಒಣಗಿಸಿ ಲೇತಿಗೆ ಸಿಕ್ಕಿಸಿ ಉಳಿಯಿಂದ ಕಡೆಯುತ್ತಾರೆ. ಹಾಲುಬಣ್ಣದ, ಹಗುರವಾದ, ಸಿಬಿರೇಳದ ಮರ ಇದು. ತಿರುಗುತ್ತಿರುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಾಟದ ಕಾವಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಒಣಗಿದ ಗರಿಯನ್ನು ಒತ್ತಿ ಹಿಡಿದರೆ ಕನ್ನಡಿಯಂಥ ಹೊಳಪು ಬರುತ್ತದೆ. ಅರಿಶಿನ, ನೀಲಿಯಂಥ ಸಸ್ಯಜನ್ಯ ಬಣ್ಣಗಳನ್ನು ಬಳಸುವ ಕುಶಲಕರ್ಮಿಗಳು ಇದ್ದಾರೆ. ಟಿಪ್ಪು ಸುಲ್ತಾನರ ಕಾಲದಲ್ಲಿ ಪರ್ಷಿಯಾದ ಕರಕುಶಲಿಗಳಿಂದ ಈ ವಿದ್ಯೆ ಬಂತೆಂದು ಜನ ಹೇಳುತ್ತಾರೆ. 2005–06ನೇ ಸಾಲಿನಲ್ಲಿ ಚನ್ನಪಟ್ಟಣದ ಗೊಂಬೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಮೊಹೆಂಜೊದಾರೊದ ಗಿಲಕಿಯ ಮೊಮ್ಮಗಳು ಇಲ್ಲಿ, ನಮ್ಮ ಹೆದ್ದಾರಿಯ ಬದಿಯ ಅಂಗಡಿಯಲ್ಲಿ ತೂಗುತ್ತಿದ್ದಾಳೆ. ನಾವು ಬಸ್ಸಿನ ಕಿಟಕಿಯಿಂದ ನೋಡಿ, ಊರು ತಲುಪಿದ ಮೇಲೆ ಪ್ಲಾಸ್ಟಿಕ್ ಕೊಳ್ಳುತ್ತೇವೆ.

ಇನ್ನೊಂದು ಕೌದಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಅಜ್ಜಿ ತನ್ನ ಹಳೆಯ ಸೀರೆಗಳನ್ನು ಮಡಿಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಸಾಲುಸಾಲಾಗಿ ಹೊಲಿಗೆ ಹಾಕಿ ಕೂಸಿಗೆ ಕೌದಿ ಮಾಡುತ್ತಾಳೆ. ನೂರಾರು ಸಲ ಒಗೆದು ಮೆತ್ತಗಾದ ಹತ್ತಿ ಬಟ್ಟೆಗಿಂತ ಎಳೆಯ ಚರ್ಮಕ್ಕೆ ಹಿತವಾದದ್ದು ಯಾವ ಅಂಗಡಿಯಲ್ಲಿದೆ?

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ತಾಯಂದಿರ ಕೌದಿಗಳನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಆಫ್ರಿಕಾದಿಂದ ಭಾರತಕ್ಕೆ ತರಲಾದವರ ಸಂತತಿ ಅವರು. ಅವರಲ್ಲಿ ಅನೇಕರ ಪೂರ್ವಿಕರು ಪೋರ್ಚುಗೀಸರ ಗೋವೆಯಲ್ಲಿ ಗುಲಾಮರಾಗಿದ್ದು, ತಪ್ಪಿಸಿಕೊಂಡು ಈ ಕಾಡುಗಳಿಗೆ ಬಂದವರು. ಅವರಲ್ಲಿ ಕಥೋಲಿಕರಿದ್ದಾರೆ, ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ. ಕೌದಿಯ ಹೊಲಿಗೆಯನ್ನು ಅಂಚಿನಿಂದ ಆರಂಭಿಸಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಿಗೆ ಮಡಿಸಿದ ಬಟ್ಟೆಯ 'ಹೂ' ಇಡದಿದ್ದರೆ ಕೆಲಸ ಮುಗಿಯಿತೆಂದು ಅವರು ಒಪ್ಪುವುದಿಲ್ಲ. ಕಥೋಲಿಕ ತಾಯಂದಿರ ಕೌದಿಗಳಲ್ಲಿ ಶಿಲುಬೆಯ ಆಕಾರವೂ ಕಾಣುತ್ತದೆ. ಎಲ್ಲವನ್ನೂ ಕಿತ್ತುಕೊಳ್ಳಲಾಗಿದ್ದ ಜನ ಹರಿದ ಬಟ್ಟೆಯಿಂದ ಮಕ್ಕಳಿಗೆ ಇಂಥ ಚೆಲುವನ್ನು ಕಟ್ಟಿಕೊಟ್ಟರು. ಕಾಣಿಕೆ ಕೊಡಲು ನಮ್ಮಲ್ಲಿ ಏನೂ ಇಲ್ಲ ಎನ್ನುವವರಿಗೆ ಇದಕ್ಕಿಂತ ದೊಡ್ಡ ಪಾಠ ಬೇಕೇ?

ಕೊಳ್ಳುವ ಮೊದಲು ಮೂರು ಪ್ರಶ್ನೆ

ಈ ಚರಿತ್ರೆಯಿಂದ ನಾವು ಕಲಿತದ್ದನ್ನು ಮೂರು ಪ್ರಶ್ನೆಗಳಾಗಿ ನಿಮ್ಮ ಮುಂದಿಡುತ್ತೇವೆ.

ಮೊದಲನೆಯದು: ಇದು ಮಗುವಿನ ಕೈಗೆ, ಬಾಯಿಗೆ, ಮೈಗೆ ಆಗಿಬರುತ್ತದೆಯೇ? ಎಳೆಗೂಸು ಎಲ್ಲವನ್ನೂ ಬಾಯಿಗೆ ಹಾಕುತ್ತದೆ. ಆದ್ದರಿಂದ ಬಾಯೊಳಗೆ ಹೋಗುವಷ್ಟು ಸಣ್ಣ ಭಾಗ, ಕೊರಳಿಗೆ ಸುತ್ತುವ ದಾರ ಅಥವಾ ಸರ, ಕಿತ್ತುಬರುವ ಗುಂಡಿ, ಗುಂಡಿಯಾಕಾರದ ಬ್ಯಾಟರಿ ಇರುವ ವಸ್ತು ಬೇಡವೇ ಬೇಡ. 2020ರಲ್ಲಿ ಹೊರಡಿಸಿ 2021ರ ಜನವರಿ 1ರಿಂದ ಜಾರಿಗೆ ತಂದ ಆಜ್ಞೆಯಂತೆ ಭಾರತದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಗುರುತಿನ ಆಟಿಕೆಗಳಿಗೂ ಅದರಲ್ಲಿ ವಿನಾಯಿತಿ ಕೊಡಲಾಯಿತು. ಅಂಥಲ್ಲಿ ಯಾವ ಬಣ್ಣ ಹಾಕಿದ್ದೀರಿ ಎಂದು ಮಾಡಿದವರನ್ನೇ ಕೇಳಿ ಕೊಳ್ಳಿರಿ. ಕೌದಿಯನ್ನು ಮಗುವಿನ ಕೆಳಗೆ ಹರಡಿ ಹಾಸಿರಿ, ಮುಖದ ಹತ್ತಿರ ಬಾರದಿರಲಿ. ಹಾಲಿನ ಪುಡಿ, ಹಾಲಿನ ಬಾಟಲಿಗಳನ್ನು ಉಡುಗೊರೆಯಾಗಿ ಒಯ್ಯಬೇಡಿ. ತಾಯಿಯ ಹಾಲಿಗೆ ಅಡ್ಡಿಯಾಗದಿರಲೆಂದು ಕಂಪನಿಗಳು ಅವನ್ನು ಪ್ರಚಾರಕ್ಕಾಗಿ ಹಂಚುವುದನ್ನು 1992ರ ಕಾಯಿದೆಯೇ ತಡೆದಿದೆ. ಒಂದು ವರ್ಷ ತುಂಬುವವರೆಗೆ ಜೇನು ನೆಕ್ಕಿಸುವುದೂ ಬೇಡ ಎಂದು ವೈದ್ಯರು ಹೇಳುತ್ತಾರೆ.

ಎರಡನೆಯದು: ಇದು ಎಷ್ಟು ಕಾಲ ಬಾಳುತ್ತದೆ? ಹುಟ್ಟಿದ ಮಗುವಿನ ಅಳತೆಯ ಅಂಗಿಗಳು ಹತ್ತು ಬಂದರೆ ಒಂಬತ್ತು ತೊಡಿಸುವ ಮೊದಲೇ ಚಿಕ್ಕದಾಗುತ್ತವೆ. ಹನ್ನಳಂತೆ ಮುಂದಿನ ಅಳತೆ ಯೋಚಿಸಿ, ಒಂದು ವರ್ಷದ ಮಗುವಿಗೆ ಆಗುವ ಹತ್ತಿ ಅಂಗಿ ಒಯ್ಯಿರಿ. ಒಗೆಯಬಹುದಾದ, ರಿಪೇರಿ ಮಾಡಬಹುದಾದ, ತಮ್ಮನಿಗೆ ತಂಗಿಗೆ ದಾಟಿಸಬಹುದಾದ ವಸ್ತುವೇ ಒಳ್ಳೆಯ ವಸ್ತು. ಮರದ ಗಿಲಕಿ, ಬೆಳ್ಳಿಯ ಒಂದು ಚಮಚ, ಅಜ್ಜಿಯ ಕೌದಿ, ಜ್ಞಾನಸ್ನಾನದ ದಿನಾಂಕ ಬರೆದ ಮಕ್ಕಳ ಬೈಬಲ್ ಇವುಗಳಿಗೆ ಫ್ಯಾಷನ್ ಹೋಗುವ ಭಯವಿಲ್ಲ. ಮನೆಯ ಹಳೆಯ ತೊಟ್ಟಿಲನ್ನು ಬಡಗಿಯಿಂದ ಸರಿಮಾಡಿಸಿ ಕೊಟ್ಟರೆ ಅದೂ ಕಾಣಿಕೆಯೇ.

ಮೂರನೆಯದು ನಮ್ಮಂಥವರಿಗೆ ಹೆಚ್ಚು ಅಗತ್ಯ: ನನ್ನ ಕಾಣಿಕೆಯನ್ನು ನೋಡಿ ಯಾರಾದರೂ ತಲೆತಗ್ಗಿಸುವರೇ? ಉಳ್ಳವರು ಮಗುವಿಗೆ ಹೆಚ್ಚು ಕೊಡುವುದು ತಪ್ಪಲ್ಲ. ಉಡಿದಾರ, ಕಾಲ್ಗೆಜ್ಜೆಗಳನ್ನು ಮನೆಯೊಳಗೆ ಕೊಡಲಿ, ಉಳಿತಾಯದ ಖಾತೆಗೆ ಹಣ ಹಾಕಲಿ. ಆದರೆ ಅದು ಮೈಕಿಗೆ, ವಿಡಿಯೋಗೆ ಏರುವುದು ಬೇಡ.

ಧರ್ಮಸಭೆ ಕೊಡುವ ಕಾಣಿಕೆ

ಇಷ್ಟಕ್ಕೂ ಜ್ಞಾನಪೋಷಕರಿಂದ ಧರ್ಮಸಭೆ ಏನು ಕೇಳುತ್ತದೆ? 1983ರ ಧರ್ಮಸಭೆಯ ಕಾನೂನು ಸಂಹಿತೆಯ 874ನೇ ವಿಧಿಯನ್ನು ಓದಿ ನೋಡಿರಿ. ಸಾಮಾನ್ಯವಾಗಿ 16 ವರ್ಷ ತುಂಬಿರಬೇಕು. ದೃಢೀಕರಣ ಮತ್ತು ಪರಮಪ್ರಸಾದ ಪಡೆದ ಕಥೋಲಿಕರಾಗಿರಬೇಕು. ವಿಶ್ವಾಸಕ್ಕೆ ತಕ್ಕ ಬಾಳು ಬಾಳುತ್ತಿರಬೇಕು. ಮಗುವಿನ ತಂದೆಯೋ ತಾಯಿಯೋ ಆಗಿರಬಾರದು. ಹೀಗೆ ಪಟ್ಟಿ ಇದೆ. ಚಿನ್ನದ ಸರದ ಮಾತು ಆ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ.

ಧರ್ಮಸಭೆ ತಾನೇ ಮಗುವಿಗೆ ಕೊಡುವ ಕಾಣಿಕೆಗಳನ್ನೂ ನೋಡಿ. ಒಂದು ಹೆಸರು. ಒಂದು ಬಿಳಿಯ ಉಡುಪು. ಪಾಸ್ಖ ಮೇಣದಬತ್ತಿಯಿಂದ ಹೊತ್ತಿಸಿದ ಒಂದು ದೀಪ. ಮೊದಲ ಶತಮಾನಗಳಲ್ಲಿ ಪಾಸ್ಖ ಜಾಗರಣೆಯ ರಾತ್ರಿ ಜ್ಞಾನಸ್ನಾನ ಪಡೆದವರು ಒಂದು ವಾರ ಬಿಳಿಯುಡುಪು ತೊಡುತ್ತಿದ್ದರು. ಪಾಸ್ಖದ ನಂತರದ ಭಾನುವಾರಕ್ಕೆ ಲತೀನಿನಲ್ಲಿ ಬಿಳಿಯುಡುಪಿನ ಹೆಸರೇ ಬಂದದ್ದು ಹಾಗೆ. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ 1969ರಲ್ಲಿ ಹೊರಬಂದ ಮಕ್ಕಳ ಜ್ಞಾನಸ್ನಾನ ವಿಧಿಯು ಆ ಉಡುಪನ್ನು ಮನೆಯವರೇ ತಂದರೆ ಒಳ್ಳೆಯದು ಎನ್ನುತ್ತದೆ. ತಾಯಿಯೋ ಅಜ್ಜಿಯೋ ಹೊಲಿದ ಒಂದು ಗಜ ಹತ್ತಿ ಬಟ್ಟೆ ಸಾಕು. ಅಣ್ಣನಿಗೆ ತೊಡಿಸಿದ್ದನ್ನು ತಂಗಿಗೂ ತೊಡಿಸಬಹುದು. ಆ ದೀಪವನ್ನು ಕಾಪಾಡುವ ಕೆಲಸವನ್ನು ತಂದೆತಾಯಿಗೂ ಜ್ಞಾನಪೋಷಕರಿಗೂ ಒಪ್ಪಿಸಲಾಗುತ್ತದೆ. ಮೇಣದಬತ್ತಿಯ ಬೆಲೆ ಕೆಲವೇ ರೂಪಾಯಿ. ಅದನ್ನು ಎತ್ತಿಟ್ಟು ಪ್ರತಿವರ್ಷ ಜ್ಞಾನಸ್ನಾನದ ದಿನ ಮತ್ತೆ ಹೊತ್ತಿಸಿ, ಮಗುವಿಗೆ ಆ ದಿನದ ಕಥೆ ಹೇಳುವ ಜ್ಞಾನತಂದೆ ಕೊಟ್ಟಷ್ಟು ಯಾರೂ ಕೊಟ್ಟಿರಲಾರರು.

ಆ ಶನಿವಾರ ಬಂದಿದ್ದವರು ಈಗಲೂ ಭಾನುವಾರದ ಮೊದಲ ಬಲಿಪೂಜೆಗೆ ಬರುತ್ತಾರೆ, ಹಿಂದಿನ ಸಾಲಿನಲ್ಲೇ ಕೂರುತ್ತಾರೆ. ಆ ಮಗು ಈಗ ಧರ್ಮೋಪದೇಶದ ತರಗತಿಗೆ ಬರುತ್ತಿದೆ. ರಿಜಿಸ್ಟರಿನಲ್ಲಿರುವ ಹೆಸರನ್ನು ತಿದ್ದಲು ನಮಗೆ ಅಧಿಕಾರವಿಲ್ಲ. ತಿದ್ದಬಹುದಾದದ್ದು ನಮ್ಮ ವಾಡಿಕೆಯನ್ನು. ಈಗ ನಮ್ಮ ಧರ್ಮಕೇಂದ್ರದಲ್ಲಿ ಜ್ಞಾನಸ್ನಾನದ ಸಿದ್ಧತೆಗೆ ಬರುವವರಿಗೆ ನಾವು 874ನೇ ವಿಧಿಯನ್ನು ಓದಿ ಹೇಳುತ್ತೇವೆ. ಉಡುಗೊರೆಗಳನ್ನು ಮೈಕಿನಲ್ಲಿ ಹೇಳುವುದನ್ನು ನಿಲ್ಲಿಸಿದ್ದೇವೆ. ಯಾರಾದರೂ ಬಂದು ಹೆಸರು ಬರೆಯಬೇಡಿ ಎಂದರೆ ಕೆಲಸ ಬಿಟ್ಟು, ಕುರ್ಚಿ ಕೊಟ್ಟು, ಏಕೆ ಎಂದು ಕೇಳುತ್ತೇವೆ.

ಮುಂದಿನ ಮೂರು ರಾಯರ ಹಬ್ಬಕ್ಕೆ ಗೋದಲಿಯಲ್ಲಿ ಒಂದು ಮರದ ಗಿಲಕಿಯನ್ನೂ ಇಡುತ್ತೇವೆಂದು ಆ ಹುಡುಗನಿಗೆ ಮಾತು ಕೊಟ್ಟಿದ್ದೇವೆ. ಚಿನ್ನದ ಪಕ್ಕದಲ್ಲಿ ಅದೂ ಇರಲಿ. ನಿಮ್ಮ ಮನೆಯ ತೊಟ್ಟಿಲುಗಳನ್ನು ಬಾಲಯೇಸು ಆಶೀರ್ವದಿಸಲಿ.